ಬ್ಯಾಂಕು ಮುಚ್ಚಿದ ಮೇಲಿನ ಮೊದಲ ವಾರ

ನಮಸ್ಕಾರ. ಇವತ್ತು ಮರದ ನೋಟಿನ ಕಥೆ ಹೇಳ್ತೀನಿ. ಕಥೆ ಅಮೆರಿಕದ್ದು, ತೊಂಬತ್ತು ವರ್ಷಕ್ಕಿಂತ ಹಳೆಯದು. ಆದರೆ ನಮ್ಮ ಸಹಕಾರಿ ಬ್ಯಾಂಕುಗಳ ಬಾಗಿಲಲ್ಲಿ ನಿಂತವರ ಬಗ್ಗೆ ಮಾತಾಡಬೇಕಾದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ ಕಥೆ.

1931ರ ಡಿಸೆಂಬರ್ 5. ವಾಷಿಂಗ್ಟನ್ ರಾಜ್ಯದಲ್ಲಿ ಟೆನೈನೊ ಅಂತ ಒಂದು ಊರು. ರಾಜ್ಯದ ರಾಜಧಾನಿ ಒಲಿಂಪಿಯಾದಿಂದ ಸ್ವಲ್ಪ ದಕ್ಷಿಣಕ್ಕಿದೆ. ಮರಳುಗಲ್ಲಿನ ಗಣಿಗೆ, ಮರದ ವ್ಯಾಪಾರಕ್ಕೆ ಹೆಸರಾಗಿದ್ದ ಊರು. ಆಗ ಅಲ್ಲಿ ಇದ್ದವರು ಸಾವಿರದ ಆಸುಪಾಸು ಜನ. ಆವತ್ತು ಆ ಊರಿನ ಸಿಟಿಜನ್ಸ್ ಬ್ಯಾಂಕ್ ಮುಚ್ಚಿತು. ಇದು ಮಹಾ ಆರ್ಥಿಕ ಕುಸಿತದ ಕಾಲ. 1931ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದ್ದವು. ಠೇವಣಿಗೆ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಒಂದು ಮಿತಿಯವರೆಗೆ ದುಡ್ಡು ವಾಪಸ್ ಸಿಗುವ ಏರ್ಪಾಡು, ಆಗ ಅಲ್ಲಿ ಇರಲಿಲ್ಲ. ಅದು ಜಾರಿಗೆ ಬಂದಿದ್ದು 1934ರ ಜನವರಿಯಿಂದ, ಅದೂ ಒಬ್ಬರಿಗೆ 2,500 ಡಾಲರ್‌ವರೆಗೆ ಮಾತ್ರ.

ಬ್ಯಾಂಕು ಮುಳುಗಿತು ಅಂದ ಕೂಡಲೇ ನಾವೆಲ್ಲ ಯೋಚಿಸುವುದು ಗಂಟಿನ ಬಗ್ಗೆ. ಎಫ್‌ಡಿ ಹೋಯ್ತು, ಮಗಳ ಮದುವೆಗೆ ಇಟ್ಟ ದುಡ್ಡು ಹೋಯ್ತು, ನಿವೃತ್ತಿ ಹಣ ಹೋಯ್ತು ಅಂತ. ಅದು ನಿಜವಾದ ಸಂಕಟವೇ. ಆದರೆ ಮುಚ್ಚಿದ ಮಾರನೇ ದಿನ ಊರಿಗೆ ಬರುವ ಸಂಕಟ ಬೇರೆ. ಕಿರಾಣಿ ಅಂಗಡಿಯಲ್ಲಿ ಹಿಟ್ಟು ಇದೆ, ಸಕ್ಕರೆ ಇದೆ. ಕೊಳ್ಳುವವನ ಹೆಸರಲ್ಲಿ ಬ್ಯಾಂಕಿನಲ್ಲಿ ದುಡ್ಡೂ ಇದೆ. ಅಂಗಡಿಯವನ ದುಡ್ಡೂ ಅದೇ ಬ್ಯಾಂಕಿನಲ್ಲೇ ಇದೆ. ಆದರೆ ಇವನ ಕೈಯಲ್ಲಿ ಕೊಡೋಕೆ ಕಾಸಿಲ್ಲ, ಅವನ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಇಲ್ಲ. ಊರು ರಾತ್ರೋರಾತ್ರಿ ಬಡವಾಗಿಲ್ಲ. ಕೊಡು-ಕೊಳ್ಳುವ ದಾರಿ ಮಾತ್ರ ನಿಂತುಹೋಗಿದೆ.

ಟೆನೈನೊದವರಿಗೆ ಇದು ಬೇಗ ಹೊಳೆಯಿತು. ಅಲ್ಲಿನ ವರ್ತಕರ ಸಂಘ, ಅಂದರೆ ಚೇಂಬರ್ ಆಫ್ ಕಾಮರ್ಸ್, ಒಂದು ಏರ್ಪಾಡು ಮಾಡಿತು. ಬ್ಯಾಂಕಿನಲ್ಲಿ ದುಡ್ಡಿಟ್ಟವರು ತಮಗೆ ಬರಬೇಕಾದ ಹಣದ ನಾಲ್ಕನೇ ಒಂದು ಭಾಗದವರೆಗೆ ಸಂಘಕ್ಕೆ ಬರೆದುಕೊಡಬಹುದು. ಸಂಘ ಅದಕ್ಕೆ ಬದಲಾಗಿ ಅಷ್ಟೇ ಮೊತ್ತದ ಚೀಟಿ ಕೊಡುತ್ತದೆ. ಆ ಚೀಟಿಯನ್ನು ಊರಿನ ಅಂಗಡಿಗಳಲ್ಲಿ ದುಡ್ಡಿನ ಹಾಗೆ ಕೊಟ್ಟು ಸಾಮಾನು ತರಬಹುದು. ಮುಂದೆ ಬ್ಯಾಂಕಿನ ಆಸ್ತಿ, ಸಾಲ ಎಲ್ಲ ವಸೂಲಾಗಿ ಹಣ ಬಂದಾಗ, ಬರೆದುಕೊಟ್ಟ ಆ ಭಾಗ ಸಂಘಕ್ಕೆ ಸೇರುತ್ತದೆ.

ಆ ನಾಲ್ಕನೇ ಒಂದು ಭಾಗ ಅನ್ನೋದನ್ನು ಸ್ವಲ್ಪ ಗಮನಿಸಿ. ನನಗೆ ಈ ಇಡೀ ಕಥೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಅದೇ. ಪೂರ್ತಿ ದುಡ್ಡಿಗೆ ಚೀಟಿ ಕೊಡ್ತೀವಿ ಅಂತ ಅವರು ಹೇಳಲಿಲ್ಲ. ಬ್ಯಾಂಕಿನ ಆಸ್ತಿ ಮಾರಿದರೆ ನೂರಕ್ಕೆ ನೂರು ಸಿಗುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಕಾಲು ಭಾಗವಾದರೂ ಬಂದೇ ಬರುತ್ತದೆ ಅಂತ ನಂಬಬಹುದಿತ್ತು. ಹಾಗಾಗಿ ಆ ಕಾಲು ಭಾಗವನ್ನು ಈಗಲೇ ಜನರ ಕೈಗೆ ಕೊಟ್ಟುಬಿಟ್ಟರು. ಉಳಿದದ್ದು ಲೆಕ್ಕಪತ್ರ ಮುಗಿದ ಮೇಲೆ. ಯಾರದೋ ದಾನವಲ್ಲ, ಸರ್ಕಾರದ ಪರಿಹಾರವಲ್ಲ. ಅವರ ದುಡ್ಡೇ, ಅವರಿಗೇ, ಸ್ವಲ್ಪ ಮುಂಚಿತವಾಗಿ.

ಮೊದಲು ಬಂದದ್ದು ಕಾಗದದ ಚೀಟಿ. ಮರದ್ದು ಬಂದಿದ್ದು ಆಮೇಲೆ, 1932ರ ಶುರುವಿನಲ್ಲಿ. ಊರಿನ ಪತ್ರಿಕೆ ಥರ್ಸ್ಟನ್ ಕೌಂಟಿ ಇಂಡಿಪೆಂಡೆಂಟ್. ಅದರ ಪ್ರಕಾಶಕ ಡಾನ್ ಮೇಜರ್ ತನ್ನ ಅಚ್ಚುಯಂತ್ರದಲ್ಲೇ ಅವನ್ನು ಮುದ್ರಿಸಿದ. ಸ್ಪ್ರೂಸ್ ಮತ್ತು ಸೀಡರ್ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆ. ಅದರ ಮೇಲೆ ಅಕ್ಷರ, ಮೊತ್ತ, ಕೆಳಗೆ ಊರಿನವರಿಗೆಲ್ಲ ಪರಿಚಯವಿದ್ದ ಜನರ ಸಹಿ. ಇಪ್ಪತ್ತೈದು ಸೆಂಟ್, ಐವತ್ತು ಸೆಂಟ್, ಒಂದು ಡಾಲರ್. ಬೇಕಿದ್ದದ್ದು ದಿನದ ಖರ್ಚಿಗೆ ಆಗುವಂಥದ್ದು. ಒಂಟಿ ಪದರದ ಹಾಳೆ ಜೇಬಿನಲ್ಲಿ ಮಡಚಿದರೆ ಲಟಕ್ ಅಂತ ಮುರಿಯುತ್ತಿತ್ತು. ಅದಕ್ಕೆ ಮುಂದಿನ ಕಂತಿನಲ್ಲಿ ಎರಡು ಮರದ ಪದರದ ಮಧ್ಯೆ ಕಾಗದ ಸೇರಿಸಿ ಅಂಟಿಸಿದರು.

ಸುದ್ದಿ ದೇಶದ ಪತ್ರಿಕೆಗಳಿಗೆಲ್ಲ ಹೋಯಿತು. ನಾಣ್ಯ, ನೋಟು ಕೂಡಿಡುವ ಹವ್ಯಾಸಿಗಳು ಎಲ್ಲೆಲ್ಲಿಂದಲೋ ಕಾಗದ ಬರೆದು ತರಿಸಿಕೊಂಡರು. ಹೀಗೆ ಕಂತು ಕಂತಾಗಿ ಅಚ್ಚಾದದ್ದು ಒಟ್ಟು ಹತ್ತು ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ನಿಜವಾದ ದುಡ್ಡಿಗೆ ಬದಲಾಯಿಸಿಕೊಳ್ಳಲು ವಾಪಸ್ ಬಂದದ್ದು ಸುಮಾರು 40 ಡಾಲರ್‌ನಷ್ಟು ಮಾತ್ರ ಅಂತ ದಾಖಲೆ ಹೇಳುತ್ತದೆ. ಉಳಿದದ್ದೆಲ್ಲ ನೆನಪಿಗೆ ಅಂತ ಜನ ಇಟ್ಟುಕೊಂಡರು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಈ ಕಥೆಯನ್ನು ಹೇಳುವ ಬಹಳ ಜನ ಇಲ್ಲಿಗೆ ನಿಲ್ಲಿಸಿ, ನೋಡಿ, ಒಂದು ಊರು ತನ್ನದೇ ದುಡ್ಡು ಅಚ್ಚು ಹಾಕಿ ಗೆದ್ದಿತು, ಎಲ್ಲ ಊರೂ ಹೀಗೇ ಮಾಡಬಹುದು ಅಂತಾರೆ. ನಾನು ಒಪ್ಪಲ್ಲ. ಟೆನೈನೊದ ನೋಟಿಗೆ ಮರ ಅನ್ನೋ ಆಕರ್ಷಣೆ ಇತ್ತು. ಸಂಗ್ರಹಕಾರರು ಕೊಂಡರು. ಆ ಲಾಭ ಎಲ್ಲರಿಗೂ ಸಿಗುವಂಥದ್ದಲ್ಲ. ಅದೇ ಕಾಲದಲ್ಲಿ ಶಿಕಾಗೊ ನಗರ ತನ್ನ ಶಾಲಾ ಶಿಕ್ಷಕರಿಗೆ ಸಂಬಳದ ಬದಲು ಮುಂದೆ ಬರುವ ತೆರಿಗೆಯ ಭರವಸೆ ಮೇಲೆ ಚೀಟಿ ಕೊಟ್ಟಿತು. ಆ ಚೀಟಿ ಹಿಡಿದು ಹೋದ ಮೇಷ್ಟರು, ಟೀಚರಮ್ಮಂದಿರಿಗೆ ಪೂರ್ತಿ ಬೆಲೆ ಸಿಗಲಿಲ್ಲ. ಚೀಟಿ ತಗೊಳ್ಳುವವರು ಇಷ್ಟು ಕಳೆದು ಕೊಡ್ತೀವಿ ಅಂದರು. ನಷ್ಟವಾದದ್ದು ಯಾರಿಗೆ? ಪಾಠ ಹೇಳಿದವರಿಗೆ.

ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಶಿಕಾಗೊದಲ್ಲಿ ಚೀಟಿ ಕೊಟ್ಟವರು ಸಾಲಗಾರರು, ತಗೊಂಡವರಿಗೆ ಬೇರೆ ದಾರಿ ಇರಲಿಲ್ಲ. ಟೆನೈನೊದಲ್ಲಿ ಚೀಟಿ ಕೊಟ್ಟವರು ಅದನ್ನು ವಾಪಸ್ ತಗೊಳ್ಳಬೇಕಾದ ವರ್ತಕರೇ. ಠೇವಣಿದಾರ ಬೇಕಾದರೆ ಬರೆದುಕೊಡಬಹುದು, ಬೇಡ ಅಂದರೆ ಸುಮ್ನಿರಬಹುದು. ಮಿತಿ ಮೊದಲೇ ಗೊತ್ತು. ಹಿಂದೆ ಏನು ಆಧಾರ ಇದೆ ಅಂತಲೂ ಗೊತ್ತು. ಆಸ್ಟ್ರಿಯಾದ ವೋರ್ಗಲ್‌ನಲ್ಲಿ 1932ರಲ್ಲಿ ಬಂದ ಊರಿನ ನೋಟಿನ ಪ್ರಯೋಗ ಇನ್ನೂ ಹೆಸರಾಯ್ತು. ಆದರೆ ಅದು ನಿರುದ್ಯೋಗದ ಕಥೆ, ಬ್ಯಾಂಕು ಮುಳುಗಿದ ಕಥೆಯಲ್ಲ. ಅದನ್ನು ಇನ್ನೊಂದು ದಿನ ಮಾತಾಡೋಣ.

ಈಗ ನಮ್ಮ ಕಡೆಗೆ ಬರ್ತೀನಿ.

2019ರ ಸೆಪ್ಟೆಂಬರ್. ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಕರ್ನಾಟಕದಲ್ಲೂ ಅದರ ಶಾಖೆಗಳಿದ್ದವು. ಖಾತೆದಾರರು ಎಷ್ಟು ತೆಗೆಯಬಹುದು ಅಂತ ಮೊದಲು ಹೇಳಿದ್ದು ಗೊತ್ತಾ? ಆರು ತಿಂಗಳಿಗೆ ಒಂದು ಸಾವಿರ ರೂಪಾಯಿ. ಆರು ತಿಂಗಳಿಗೆ! ಗಲಾಟೆಯಾದ ಮೇಲೆ ಕೆಲವೇ ದಿನದಲ್ಲಿ ಹತ್ತು ಸಾವಿರ ಮಾಡಿದರು, ಆಮೇಲೆ ಹಂತ ಹಂತವಾಗಿ ಏರಿಸಿದರು. ಆದರೆ ಮೊದಲ ದಿನ ಹೊರಬಿದ್ದ ಆ ಸಾವಿರದ ಲೆಕ್ಕ ನೋಡಿ. ಒಂದು ಗ್ಯಾಸ್ ಸಿಲಿಂಡರ್ ತಂದರೆ ಉಳಿಯುವುದೆಷ್ಟು?

2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರಿ ಬ್ಯಾಂಕ್. ಅಲ್ಲಿ ಮಿತಿ 35,000 ರೂಪಾಯಿ. ಬಡ್ಡಿಯಲ್ಲೇ ತಿಂಗಳ ಖರ್ಚು ನಡೆಸುತ್ತಿದ್ದ ಎಷ್ಟೋ ಹಿರಿಯರ ಜೀವಮಾನದ ಉಳಿತಾಯ ಅಲ್ಲಿತ್ತು. ನಿವೃತ್ತಿ ಹಣ ಒಂದೇ ಕಡೆ ಇಟ್ಟವರಿಗೆ ಮಾತ್ರೆ, ಬಾಡಿಗೆ, ಕರೆಂಟ್ ಬಿಲ್ ಎಲ್ಲ ಅದೇ ಬಡ್ಡಿಯಿಂದ. ಅದಾದ ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು.

ನಿಜ, ಆ ವರ್ಷ ಒಂದು ಒಳ್ಳೆಯ ಕೆಲಸವೂ ಆಯಿತು. ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಆ ಒಂದು ಲಕ್ಷ 1993ರಿಂದ ಹಾಗೇ ಕೂತಿತ್ತು. ನಮ್ಮಲ್ಲಿ ಈ ವಿಮೆ ಶುರುವಾದದ್ದೇ ಬ್ಯಾಂಕು ಮುಳುಗಿದ ಪೆಟ್ಟಿನಿಂದ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮತ್ತು ಮಹಾರಾಷ್ಟ್ರದ ಲಕ್ಷ್ಮಿ ಬ್ಯಾಂಕ್ ಮುಳುಗಿದವು. ಆಮೇಲೆ 1962ರಲ್ಲಿ ವಿಮೆ ಜಾರಿಗೆ ಬಂತು. ಮೊದಲ ಮಿತಿ 1,500 ರೂಪಾಯಿ.

2021ರಲ್ಲಿ ಕಾನೂನು ಮತ್ತೆ ತಿದ್ದಿದರು. ಅದಕ್ಕೆ ಮುಂಚೆ, ಬ್ಯಾಂಕಿನ ಪರವಾನಗಿ ರದ್ದಾಗಿ ಸಮಾಪನೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸಿ ಬ್ಯಾಂಕನ್ನು ಮುಚ್ಚುವ ಕೆಲಸ, ಶುರುವಾಗುವವರೆಗೆ ವಿಮೆ ಹಣ ಬರುತ್ತಿರಲಿಲ್ಲ. ವರ್ಷಗಟ್ಟಲೆ ಕಾಯಬೇಕಿತ್ತು. ಈಗ ನಿರ್ಬಂಧ ಹಾಕಿದ 90 ದಿನದೊಳಗೆ ಐದು ಲಕ್ಷದವರೆಗೆ ಕೊಡಬೇಕು. ಬ್ಯಾಂಕು 45 ದಿನದಲ್ಲಿ ಠೇವಣಿದಾರರ ಪಟ್ಟಿ ಕೊಡಬೇಕು. ವಿಮಾ ನಿಗಮ ಅದನ್ನು ಪರಿಶೀಲಿಸಿ ಇನ್ನು 45 ದಿನದಲ್ಲಿ ಹಣ ಕೊಡಬೇಕು. ಗುರು ರಾಘವೇಂದ್ರ ಬ್ಯಾಂಕಿನವರೂ ಸೇರಿ ಅನೇಕರಿಗೆ ದಾರಿಯಾದದ್ದು ಈ ತಿದ್ದುಪಡಿ ಬಂದ ಮೇಲೆಯೇ. ಇದು ದೊಡ್ಡ ಸುಧಾರಣೆ. ನಾನು ಅದನ್ನು ಪೂರ್ತಿ ಮನಸ್ಸಿನಿಂದ ಮೆಚ್ಚುತ್ತೇನೆ.

ಆದರೆ 90 ದಿನ ಅಂದರೆ ಮೂರು ತಿಂಗಳ ಬಾಡಿಗೆ. ಮೂರು ತಿಂಗಳ ಶುಗರ್ ಮಾತ್ರೆ, ಬಿಪಿ ಮಾತ್ರೆ. ಜೂನ್ ತಿಂಗಳಾದರೆ ಮಕ್ಕಳ ಶಾಲೆ ಫೀಸು. ರೈತನಾದರೆ ಬಿತ್ತನೆ ಬೀಜ. ಮೂರು ತಿಂಗಳು ಬಿಟ್ಟು ಐದು ಲಕ್ಷ ಬರುತ್ತೆ ಅನ್ನೋದು ಗೊತ್ತಿದ್ದವನೂ ಈ ತಿಂಗಳು ಕೈಗಡಕ್ಕೆ ಓಡಲೇಬೇಕು. ಕೈಗಡ ಸಿಗದಿದ್ದರೆ ಒಡವೆ ಅಡ ಇಡಬೇಕು, ಇಲ್ಲವೇ ಮೀಟರ್ ಬಡ್ಡಿಯವನ ಹತ್ತಿರ ಹೋಗಬೇಕು. ತನ್ನದೇ ದುಡ್ಡು ಬ್ಯಾಂಕಿನಲ್ಲಿ ಇರುವಾಗ!

ಈಗ ಇನ್ನೊಂದು ವಿಷಯವೂ ಸೇರಿಕೊಂಡಿದೆ. ನಮ್ಮ ಜೇಬಿನಲ್ಲಿ ನೋಟು ಕಡಿಮೆ, ಫೋನಿನಲ್ಲಿ ಜಾಸ್ತಿ. ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್. 2020ರ ಮಾರ್ಚ್ 5ಕ್ಕೆ ಯೆಸ್ ಬ್ಯಾಂಕ್ ಮೇಲೆ 50,000 ರೂಪಾಯಿಯ ಮಿತಿ ಬಂದಾಗ ಏನಾಯ್ತು? ಫೋನ್‌ಪೇ ಆ ಬ್ಯಾಂಕಿನ ಮೂಲಕ ನಡೆಯುತ್ತಿತ್ತು. ಹಾಗಾಗಿ ಆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರಿಗೂ ಅದು ಕೈಕೊಟ್ಟಿತು. ಯೆಸ್ ಬ್ಯಾಂಕಿನ ನಿರ್ಬಂಧ ಎರಡು ವಾರದೊಳಗೆ ತೆರವಾಯ್ತು, ಯಾಕೆಂದರೆ ಅದು ದೊಡ್ಡದು, ಸ್ಟೇಟ್ ಬ್ಯಾಂಕ್ ಬಂದು ಬಂಡವಾಳ ಹಾಕಿತು. ಸಣ್ಣ ಊರಿನ ಸಹಕಾರಿ ಬ್ಯಾಂಕಿಗೆ ಹಾಗೆ ಓಡಿ ಬರುವವರು ಯಾರು?

ಹಾಗಂತ ನಮ್ಮ ಊರುಗಳಲ್ಲೂ ಮರದ ನೋಟು ಅಚ್ಚು ಹಾಕೋಣ ಅಂತ ನಾನು ಹೇಳ್ತಿಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ಪ್ರಕಾರ, ತಂದವರಿಗೆ ಕೇಳಿದ ಕೂಡಲೇ ಹಣ ಕೊಡ್ತೀವಿ ಅನ್ನೋ ಚೀಟಿಯನ್ನು ಖಾಸಗಿಯವರು ಹೊರಡಿಸುವ ಹಾಗಿಲ್ಲ. ಆ ನಿಯಮ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಬ್ಯಾಂಕು ಮುಳುಗಿದ ಊರಿನಲ್ಲಿ ಯಾರು ಬೇಕಾದರೂ ಚೀಟಿ ಹಂಚಬಹುದು ಅಂತಾದರೆ, ಮೊದಲು ಬರುವವರು ಒಳ್ಳೆಯವರೇ ಆಗಿರ್ತಾರೆ ಅನ್ನೋ ಖಾತ್ರಿ ಇಲ್ಲ.

ನಾನು ಕೇಳುವುದು ಟೆನೈನೊದ ಆ ಕಾಲು ಭಾಗವನ್ನು. ನಿರ್ಬಂಧ ಹಾಕಿದ ಮೊದಲ ವಾರದಲ್ಲೇ ಪ್ರತಿ ಠೇವಣಿದಾರನಿಗೂ ವಿಮೆ ಹಣದ ಒಂದು ಸಣ್ಣ ಭಾಗ ಬೇರೆ ಬ್ಯಾಂಕಿನ ಖಾತೆಗೆ, ಇಲ್ಲವೇ ಅಂಚೆ ಕಚೇರಿಯ ಮೂಲಕ ಕೈಗೆ ಸಿಗಬೇಕು. ಮುಳುಗುತ್ತಿರುವ ಬ್ಯಾಂಕಿನ ತಿಜೋರಿಯಿಂದಲ್ಲ, ವಿಮಾ ನಿಗಮದ ಹಣದಿಂದ. ಉಳಿದದ್ದಕ್ಕೆ ಬೇಕಾದರೆ 90 ದಿನ ತಗೊಳ್ಳಲಿ.

ಪಟ್ಟಿ ಪರಿಶೀಲನೆ ಆಗಬೇಕು, ಬೇನಾಮಿ ಖಾತೆಗಳಿರ್ತವೆ, ಸುಳ್ಳು ಠೇವಣಿ ಇರ್ತದೆ ಅಂತ ಅಧಿಕಾರಿಗಳು ಹೇಳಬಹುದು. ಅದು ಸುಳ್ಳಲ್ಲ. ಅದಕ್ಕೇ ಅಲ್ವಾ ಪೂರ್ತಿ ಕೊಡಬೇಡಿ, ಸಣ್ಣ ಭಾಗ ಕೊಡಿ ಅನ್ನೋದು? ನೂರು ಖಾತೆಯಲ್ಲಿ ಒಂದೆರಡು ಸುಳ್ಳಿದ್ದರೆ ಅಷ್ಟು ನಷ್ಟವನ್ನು ನಿಗಮ ತಡೆದುಕೊಳ್ಳಬಹುದು. ಒಂದು ತಿಂಗಳು ಡಯಾಲಿಸಿಸ್ ತಪ್ಪಿದರೆ ಮನುಷ್ಯ ತಡೆದುಕೊಳ್ಳಲಾರ. ಅಷ್ಟಕ್ಕೂ ಇದು ಕಂಪ್ಯೂಟರ್ ಕಾಲ. ಯಾರ ಖಾತೆಯಲ್ಲಿ ಎಷ್ಟಿದೆ ಅಂತ ಪಟ್ಟಿ ಮಾಡಲು 45 ದಿನ ಬೇಕಾಗುವ ಬ್ಯಾಂಕಿಗೆ ಠೇವಣಿ ತಗೊಳ್ಳಲು ಬಿಟ್ಟಿದ್ದೇ ತಪ್ಪು. ಆ ಪಟ್ಟಿ ಯಾವತ್ತೂ ಸಿದ್ಧವಾಗಿರಬೇಕು, ಪ್ರತಿ ತಿಂಗಳೂ ನಿಗಮದ ಕೈ ಸೇರುತ್ತಿರಬೇಕು.

ಟೆನೈನೊ ಆಮೇಲೆ ಏನಾಯ್ತು ಅಂತ ಕೇಳ್ತೀರಿ. 2020ರಲ್ಲಿ ಕೋವಿಡ್ ಬಂದಾಗ ಆ ಊರು ಮತ್ತೆ ಮರದ ನೋಟು ಅಚ್ಚು ಹಾಕಿತು. ಮೇಯರ್ ವೇಯ್ನ್ ಫೂರ್ನಿಯರ್ ಮುಂದಾಳತ್ವದಲ್ಲಿ. ಹಳೆಯ ಅಚ್ಚುಯಂತ್ರ ಊರಿನ ಮ್ಯೂಸಿಯಂನಲ್ಲೇ ಇತ್ತು. ಈ ಸಲ ಆಧಾರ ಮುಳುಗಿದ ಬ್ಯಾಂಕಲ್ಲ, ಪುರಸಭೆ ತೆಗೆದಿಟ್ಟ 10,000 ಡಾಲರ್. ಕೋವಿಡ್‌ನಿಂದ ಆದಾಯ ಕಳೆದುಕೊಂಡ ಬಡ ಕುಟುಂಬಗಳಿಗೆ ತಿಂಗಳಿಗೆ 300 ಡಾಲರ್‌ವರೆಗೆ. ಅಂಗಡಿಯವರು ಅದನ್ನು ಪುರಸಭೆಗೆ ತಂದುಕೊಟ್ಟರೆ ಒಂದಕ್ಕೆ ಒಂದು ಲೆಕ್ಕದಲ್ಲಿ ಡಾಲರ್. ಕಳೆದು ಕೊಡುವ ಮಾತೇ ಇಲ್ಲ.

ನಮ್ಮಲ್ಲಿ ಇನ್ನೂ ಒಂದು ವಿಷಯ ಬಾಕಿ ಇದೆ, ಅದನ್ನು ಹೇಳದೆ ಮುಗಿಸಲಾರೆ. ಐದು ಲಕ್ಷದ ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಆದರೆ ಬೀದಿ ಬೀದಿಯಲ್ಲಿ ಬೋರ್ಡು ಹಾಕಿಕೊಂಡಿರುವ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಅಲ್ಲಿ ಪಿಗ್ಮಿ ಕಟ್ಟುವವರು ಹೂ ಮಾರುವವರು, ಆಟೊ ಓಡಿಸುವವರು, ಟೀ ಅಂಗಡಿಯವರು. ದಿನಕ್ಕೆ ಐವತ್ತು, ನೂರು ಅಂತ ಕೂಡಿಸಿದ ದುಡ್ಡು. ಅಂಥ ಸಂಘ ಮುಚ್ಚಿದರೆ 90 ದಿನದ ಲೆಕ್ಕವೂ ಇಲ್ಲ, ಐದು ಲಕ್ಷದ ಭರವಸೆಯೂ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಅಲ್ಲಿ ದುಡ್ಡಿಟ್ಟಿದ್ದರೆ ಪಾಸ್‌ಬುಕ್ ತೆಗೆದು ನೋಡಿ, ಅದು ಬ್ಯಾಂಕೋ ಸಂಘವೋ ಅಂತ. ಗೊತ್ತಾಗದಿದ್ದರೆ ಕೌಂಟರ್‌ನಲ್ಲೇ ಕೇಳಿ, ನಮ್ಮ ಠೇವಣಿಗೆ ವಿಮೆ ಇದೆಯಾ ಅಂತ. ನಾಳೆಯೇ ಹೋಗಿ ಕೇಳಿ.