ಕಾಳಿ ನದಿಯಲ್ಲಿ ಕಯಾಕ್: ಸದ್ದಿಲ್ಲದ ದೋಣಿಯ ಮೇಲೊಂದು ತಕರಾರು

ಎಲ್ಲರಿಗೂ ನಮಸ್ಕಾರ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ದಾಂಡೇಲಿಯಲ್ಲಿ ಇಳಿದು, ತಿಂಡಿ ಮುಗಿಸಿ ನೇರ ನೀರಿಗಿಳಿಯುವವರೇ ಈ ಸಭೆಯಲ್ಲಿ ಹೆಚ್ಚು. ಹಾಗಾಗಿ ಕಾಳಿಯ ವರ್ಣನೆ ಬೇಡ. ಹುಟ್ಟು ಹಾಕಿ ನಡೆಸೋ ಈ ಕಿರುದೋಣಿ, ಕಯಾಕ್‌ಗೆ ಮೋಟರ್ ಇಲ್ಲ, ಹೊಗೆ ಇಲ್ಲ, ಪ್ರಾಣಿಗಳಿಗೆ ತೊಂದರೆಯೇ ಇಲ್ಲ ಅಂತಾರಲ್ಲ, ನನ್ನ ತಕರಾರು ಅದರ ಮೇಲೆ. ಮೋಟರ್ ದೋಣಿ ದೂರದಿಂದಲೇ ಕೇಳಿಸುತ್ತೆ, ಪ್ರಾಣಿ ನಿಧಾನವಾಗಿ ಜಾಗ ಬಿಡುತ್ತೆ. ಕಯಾಕ್ ಮೈಮೇಲೆ ಬರೋವರೆಗೂ ಗೊತ್ತಾಗಲ್ಲ.

ಮೊಸಳೆಯನ್ನೇ ತಗೊಳ್ಳಿ. ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತೆ. ಸಿಟ್ಟಲ್ಲ ಅದು, ಮೈಕಾವು ಹದಕ್ಕೆ ತಂದುಕೊಳ್ಳೋ ದಾರಿ. ಗೈಡ್ ಕೈ ಎತ್ತುತ್ತಾರೆ. ಮೊದಲ ದೋಣಿ ನಿಲ್ಲುತ್ತೆ, ಎರಡನೆಯದೂ ನಿಲ್ಲುತ್ತೆ. ಮೂರನೆಯದರಲ್ಲಿ ಮುಂದಿನವರು ಫೋನ್ ತೆಗೀತಾರೆ, ಹಿಂದಿನವರು ಹುಟ್ಟು ಹಾಕ್ತಾನೇ ಇರ್ತಾರೆ. ಏನ್ರೀ ನಿಲ್ಸ್ರೀ ಅಂತ ಕೂಗೋ ಹೊತ್ತಿಗೆ ದೋಣಿ ಬಂಡೆಗೂ ಮಡುವಿಗೂ ನಡುವೆ. ಬೆದರಿದ ಮೊಸಳೆ ಓಡೋದು ಆಳದ ನೀರಿಗೆ. ಅದು ದಾಳಿಯಲ್ಲ ಸ್ವಾಮಿ, ನೀವೇ ಅದರ ಬಾಗಿಲಿಗೆ ಅಡ್ಡ ನಿಂತಿದ್ದೀರಿ. ಎದುರು ದಡದ ಕಡೆ ಸರಿದು, ಒಂದರ ಹಿಂದೊಂದು, ಸಣ್ಣಗೆ ಮಾತಾಡ್ತಾ ದಾಟಿ. ಹೌದು, ಮಾತಾಡ್ತಾ! ಬರೋದು ಅದಕ್ಕೂ ತಿಳೀಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರಳು ದಿಬ್ಬ ಖಾಲಿ ಕಂಡರೂ ಇಳಿಯಬೇಡಿ. ಗುಂಡಿ ತೋಡಿ ಮೊಟ್ಟೆಯಿಡೋ ಕಾಲ, ತಾಯಿ ಹತ್ತಿರದಲ್ಲೇ ಇರುತ್ತೆ.

ಮಂಗಟ್ಟೆ ಹಕ್ಕಿ, ಅಂದ್ರೆ ಹಾರ್ನ್‌ಬಿಲ್, ಅದರದೂ ಇದೇ ಕಥೆ. ಮೊಟ್ಟೆಯಿಡೋ ಕಾಲದಲ್ಲಿ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತೆ, ಸೀಳಿನಲ್ಲಿ ಗಂಡು ಹಣ್ಣು ಕೊಡಬೇಕು. ಮರದ ಕೆಳಗೆ ಐದಾರು ಕಯಾಕ್ ಮೌನವಾಗಿ ನಿಂತರೂ ಗಂಡು ಹತ್ತಿರ ಬರೋಕೆ ಹಿಂಜರಿಯುತ್ತೆ. ನೋಡಿ, ಸದ್ದಿಲ್ಲದಿದ್ದರೂ ತೊಂದರೆ ತಪ್ಪಲ್ಲ.

ಇನ್ನು ನೀರು. ಮಳೆಯಿಲ್ಲದ ದಿನವೂ ಮಟ್ಟ ಏರುತ್ತೆ, ಮೇಲೆ ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ಇದೆ. ಎಷ್ಟು ಹೊತ್ತಿಗೆ ನೀರು ಬಿಡ್ತಾರೆ ಅಂತ ಗೈಡ್‌ನ ಕೇಳಿ. ನೀರಿಗೆ ಬಿದ್ದ ಮರದಿಂದ ದೂರವಿರಿ, ಕೊಂಬೆ ಸಂದಿಯಲ್ಲಿ ನೀರು ದಾಟುತ್ತೆ, ನೀವು ದಾಟಲ್ಲ. ದೋಣಿ ಬಂಡೆಗೆ ಅಡ್ಡಡ್ಡ ತಗುಲಿದರೆ ಬಂಡೆಯ ಕಡೆಗೇ ಬಾಗಿ. ಹೆದರಿ ಆಚೆ ವಾಲಿದಿರೋ, ಹರಿವು ಆ ಅಂಚನ್ನು ಒತ್ತಿ ಮಗುಚಿ ಹಾಕುತ್ತೆ. ಬಿದ್ದರೆ ಮೊಣಕಾಲುದ್ದ ನೀರು ಅಂತ ಎದ್ದು ನಿಲ್ಲಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಹರಿವು ಕೆಡವಿ ಅದುಮುತ್ತೆ. ಅಂಗಾತ ತೇಲಿ, ಪಾದ ಮೇಲಕ್ಕೆ, ಹರಿವಿನ ದಿಕ್ಕಿಗೆ.

ಚೀಟಿ ಬಂತು, ಬೇಗ ಮುಗಿಸ್ತೀನಿ. ಲೈಫ್ ಜಾಕೆಟ್ ಪಟ್ಟಿಗಳನ್ನು ಸೊಂಟದಿಂದ ಮೇಲಕ್ಕೆ ಬಿಗಿ ಮಾಡಿ. ಭುಜ ಹಿಡಿದು ಎತ್ತಿದಾಗ ಗಲ್ಲದವರೆಗೆ ಬಂದರೆ ಅದು ಸಡಿಲ. ಜೋಡಿ ಕಯಾಕ್‌ನಲ್ಲಿ ತೂಕದವರು ಹಿಂದೆ, ದಿಕ್ಕು ಅವರದೇ, ಲಯ ಮುಂದಿನವರದು. ಮನೆಯಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಕನ್ನಡಕಕ್ಕೆ ದಾರ, ಹಿಮ್ಮಡಿಗೆ ಪಟ್ಟಿ ಇರೋ ಸ್ಯಾಂಡಲ್. ಹುಟ್ಟು ಹಿಡಿಯೋ ರೀತಿ ಹೇಳೋಕಾಗಲಿಲ್ಲ. ಎರಡು ತಂದಿದ್ದೇವೆ, ಚಹಾ ಹೊತ್ತಲ್ಲಿ ಹೊರಗೆ ತೋರಿಸ್ತೀನಿ.