ಇಳಿಸಿದ ತೂಕ ಮಳೆಗಾಲದಲ್ಲಿ ಯಾಕೆ ವಾಪಸ್ ಬರುತ್ತದೆ?

[ದೃಶ್ಯ: ಕಾರವಾರದ ಟಾಗೋರ್ ಬೀಚ್, ಬೆಳಗ್ಗೆ ಆರು ಗಂಟೆ]

ನಮಸ್ಕಾರ ಎಲ್ಲರಿಗೂ. ಇದು ಜನವರಿಯಲ್ಲಿ ತೆಗೆದದ್ದು. ಎಷ್ಟು ಜನ ವಾಕಿಂಗ್ ಮಾಡ್ತಾ ಇದ್ದಾರೆ ನೋಡಿ.

[ದೃಶ್ಯ: ಅದೇ ಜಾಗ, ಜುಲೈ, ಜೋರು ಮಳೆ]

ಇದು ಜುಲೈ. ಅದೇ ಜಾಗ, ಒಬ್ಬರೂ ಇಲ್ಲ.

ಒಂದು ವರ್ಷ ನಾನೂ ಜನವರಿಯ ಆ ಗುಂಪಿನಲ್ಲಿದ್ದೆ. ಅನ್ನ ಪೂರ್ತಿ ಬಿಟ್ಟೆ, ರಾತ್ರಿ ಬರೀ ಪಪಾಯ, ಬೆಳಗ್ಗೆ ಒಂದು ಗಂಟೆ ಸಮುದ್ರದ ದಂಡೆಯಲ್ಲಿ ನಡಿಗೆ. ಮೇ ಕೊನೆಗೆ 9 ಕೆಜಿ ಇಳಿದಿತ್ತು. ಜೂನ್ ಮೊದಲ ವಾರ ಮಳೆ ಹಿಡಿಯಿತು, ಶೂ ಒದ್ದೆಯಾಗಿ ಮೂಲೆ ಸೇರಿತು, ಮನೆಯಲ್ಲಿ ಹಲಸಿನ ಹಪ್ಪಳದ ಡಬ್ಬಿ ತೆರೆಯಿತು. ಚೌತಿ ಬರುವಷ್ಟರಲ್ಲಿ 6 ಕೆಜಿ ವಾಪಸ್. ಆಮೇಲೆ ಉಳಿದ 3 ಕೂಡ ಬಂತು. ಮನಸ್ಸು ಗಟ್ಟಿ ಇಲ್ಲ ಇವಳಿಗೆ ಅಂದರು ಜನ. ನಾನೂ ಅದನ್ನೇ ನಂಬಿದ್ದೆ, ತುಂಬಾ ಬೇಜಾರಾಗಿತ್ತು.

ಈಗ ನಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ತೂಕ ಇಳಿದಾಗ ನಮ್ಮ ದೇಹಕ್ಕೆ ಖುಷಿಯಾಗುವುದಿಲ್ಲ. ಊಟ ಸಿಗುತ್ತಿಲ್ಲ, ಬರಗಾಲ ಬಂದಿದೆ ಅಂತ ಅದು ತಿಳಿದುಕೊಳ್ಳುತ್ತದೆ. ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನ್ ಏರುತ್ತದೆ, ಸಾಕು ಅಂತ ಹೇಳುವ ಲೆಪ್ಟಿನ್ ಇಳಿಯುತ್ತದೆ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ 50 ಜನರ ಮೇಲೆ ಒಂದು ಅಧ್ಯಯನ ಆಯಿತು. ಹತ್ತು ವಾರ ತೀರಾ ಕಡಿಮೆ ಊಟ ಕೊಟ್ಟು ಅವರ ತೂಕ ಇಳಿಸಿದರು. ಆಮೇಲೆ ಒಂದು ವರ್ಷ ಕಳೆದರೂ ಆ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ಒಂದು ವರ್ಷ! ಜೊತೆಗೆ ಹಗುರಾದ ದೇಹಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿಯೂ ಕಡಿಮೆ. ಅಂದರೆ ಹಸಿವು ಹೆಚ್ಚು, ಖರ್ಚು ಕಡಿಮೆ. ಇಂಥ ಹೊತ್ತಿನಲ್ಲಿ ನಡಿಗೆಯೂ ನಿಂತು, ಡಯಟ್ಟೂ ಬಿಟ್ಟುಹೋದರೆ ತೂಕ ಬರದೆ ಇನ್ನೇನು?

ಇನ್ನೊಂದು ವಿಷಯ. ಅನ್ನ ಬಿಟ್ಟ ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಿತು ಅಂತ ಸುಮಾರು ಜನ ಹೇಳುತ್ತಾರೆ. ಅದರಲ್ಲಿ ಹೆಚ್ಚಿನದು ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಮತ್ತೆ ಅನ್ನ ಉಂಡ ದಿನ ಆ ನೀರು ವಾಪಸ್ ಬರುತ್ತದೆ. ಅದನ್ನು ನೋಡಿ ಎಲ್ಲಾ ಹಾಳಾಯಿತು ಅಂತ ಪೂರ್ತಿ ಕೈಬಿಡಬೇಡಿ.

[ದೃಶ್ಯ: ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿರುವ ಉಪ್ಪಾಗೆ ಸಿಪ್ಪೆ]

ಈಗ ಗುಳಿಗೆಯ ವಿಷಯ. ನಾನು ಕೆಲಸದ ಮೇಲೆ ಆರು ವರ್ಷ ಶಿರಸಿಯಲ್ಲಿದ್ದೆ. ಶಿರಸಿ, ಸಿದ್ದಾಪುರದವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ, ಉಪ್ಪಾಗೆ. ಮಳೆಗಾಲದಲ್ಲಿ ಕಾಡಿಗೆ ಹೋಗಿ ಹಣ್ಣು ತರುತ್ತಾರೆ, ಸಿಪ್ಪೆ ಬಿಡಿಸುತ್ತಾರೆ, ಬಿಸಿಲು ಇಲ್ಲದ್ದರಿಂದ ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವ ಮನೆಗಳೂ ಇವೆ. ಆ ಕಪ್ಪು ಸಿಪ್ಪೆ ಘಟ್ಟ ಇಳಿದು ಹೊರದೇಶಕ್ಕೆ ಹೋಗುವುದು ಯಾಕೆ ಗೊತ್ತಾ? ತೂಕ ಇಳಿಸುವ ಗುಳಿಗೆ ಮಾಡಲಿಕ್ಕೆ. ಗಾರ್ಸಿನಿಯಾ ಕಾಂಬೋಜಿಯಾ ಅಂತ ಚೆಂದದ ಡಬ್ಬಿಯಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದಲ್ವಾ, ಅದು ನಮ್ಮ ಉಪ್ಪಾಗೆಯೇ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕರಗಿಸುತ್ತದೆ ಅಂತ ಪ್ರಚಾರ.

ಕರಗಿಸುತ್ತದಾ? 1998ರಲ್ಲಿ ಅಮೆರಿಕದಲ್ಲಿ 135 ಜನರನ್ನು ಎರಡು ಗುಂಪು ಮಾಡಿ 12 ವಾರ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆ ಆಮ್ಲ, ಇನ್ನೊಂದು ಗುಂಪಿಗೆ ಏನೂ ಇಲ್ಲದ ಸುಳ್ಳು ಗುಳಿಗೆ. ಇಬ್ಬರಿಗೂ ಒಂದೇ ಥರದ ಊಟ. ಕೊನೆಗೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಷ್ಟೇ ಅಲ್ಲ, ಈ ಗುಳಿಗೆ ತೆಗೆದುಕೊಂಡ ಕೆಲವರಿಗೆ ಲಿವರ್ ಹಾಳಾದ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಉಪ್ಪಾಗೆಯನ್ನು ಹುಳಿಗೆ ಬಳಸಿ, ಅದು ನಮ್ಮ ಅಡುಗೆ, ಅದರಲ್ಲಿ ತೊಂದರೆ ಇಲ್ಲ. ಆದರೆ ನಮ್ಮದೇ ಕಾಡಿನ ಸಿಪ್ಪೆಯನ್ನು ಸಾವಿರಗಟ್ಟಲೆ ಕೊಟ್ಟು ಗುಳಿಗೆಯಾಗಿ ವಾಪಸ್ ತರಿಸಿಕೊಳ್ಳಬೇಡಿ, ದಯವಿಟ್ಟು.

ಮುರುಗಲು ಶರಬತ್ತೂ ಹಾಗೇ. ಮುರುಗಲಿನಲ್ಲೂ ಅದೇ ಆಮ್ಲ ಇದೆ, ನಿಜ. ಆದರೆ ಒಂದು ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿದರೆ ಸೇರಿದ್ದು ಸಕ್ಕರೆಯೇ ಅಲ್ವಾ? ಸಕ್ಕರೆ ಇಲ್ಲದ ಮುರುಗಲು ಸಾರು ಮಾಡಿ ಕುಡಿಯಿರಿ, ಬಹಳ ರುಚಿ.

ಹಾಗಾದರೆ ಏನು ಮಾಡಬೇಕು? ನಾನು ಎರಡನೇ ಸಲ ಶುರು ಮಾಡಿದ್ದು ಜೂನ್‌ನಲ್ಲಿ. ಬೇಕೆಂದೇ ಜೂನ್. ಯಾವ ಅಭ್ಯಾಸ ಹಿಡಿಯಬೇಕು ಅಂತ ಯೋಚಿಸುವಾಗ ಒಂದೇ ಪ್ರಶ್ನೆ ಕೇಳಿಕೊಂಡೆ, ಆಷಾಢದ ಮಳೆಯಲ್ಲಿ, ಕರೆಂಟ್ ಇಲ್ಲದ ದಿನ, ಮನೆಗೆ ನೆಂಟರು ಬಂದಾಗಲೂ ಇದು ನಡೆಯುತ್ತದಾ? ನಡೆಯುವುದಿಲ್ಲ ಅಂದರೆ ಅದು ನನಗೆ ಬೇಡ.

[ದೃಶ್ಯ: ದಡದಲ್ಲಿ ಸಾಲಾಗಿ ನಿಂತ ದೋಣಿಗಳು]

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸಮುದ್ರಕ್ಕೆ ಇಳಿಯುವುದಿಲ್ಲ, ಗೊತ್ತಲ್ವಾ. ಒಂದು ಹೊಸ ಅಭ್ಯಾಸ ತನ್ನಷ್ಟಕ್ಕೆ ನಡೆಯುವ ಹಾಗೆ ಆಗಲಿಕ್ಕೆ ಸರಾಸರಿ 66 ದಿನ ಬೇಕು ಅಂತ ಲಂಡನ್ನಿನ ಒಂದು ಅಧ್ಯಯನ ಹೇಳುತ್ತದೆ, ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದ ಲೆಕ್ಕ ಬಂತು. ನನಗಂತೂ ದೋಣಿ ದಡದಲ್ಲಿದ್ದ ಆ ಎರಡು ತಿಂಗಳು ಬೇಕಾಯಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ ಅಂತಲೂ ಅದೇ ಅಧ್ಯಯನದಲ್ಲಿದೆ. ಮರುದಿನ ಮುಂದುವರಿಸಿದರೆ ಆಯಿತು.

ಮೊದಲು ನಡಿಗೆ. ಬೀಚ್ ಬೇಡ, ಜಗಲಿ ಸಾಕು. ಮೂರು ಹೊತ್ತು ಊಟ ತಿಂಡಿ ಆದ ಮೇಲೆ ಹತ್ತು ಹತ್ತು ನಿಮಿಷ, ಜಗಲಿಯ ಈ ತುದಿಯಿಂದ ಆ ತುದಿಗೆ. ಸುಮ್ನೆ ಲೆಕ್ಕ ಹಾಕಿ, ವಾರಕ್ಕೆ 210 ನಿಮಿಷ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಚುರುಕಾಗಿ. ಊಟದ ಮೇಲೆ ನಡೆದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದೂ ಕಡಿಮೆಯಾಗುತ್ತದೆ. ಫ್ಲ್ಯಾಟ್‌ನಲ್ಲಿರುವವರು ಮೆಟ್ಟಿಲು ಹತ್ತಿ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲಿಕ್ಕೆ ಇದು ಬೇಕೇ ಬೇಕು. ಐವತ್ತು ದಾಟಿದವರಿಗೆ ಇನ್ನೂ ಜಾಸ್ತಿ ಬೇಕು.

[ದೃಶ್ಯ: ಊಟದ ತಟ್ಟೆ, ಮೇಲಿನಿಂದ]

ಈಗ ತಟ್ಟೆ. ಅನ್ನ ಬಿಡಬೇಡಿ. ನಾನು ಒಮ್ಮೆ ಬಿಟ್ಟು ನೋಡಿದವಳು, ಗಂಜಿಯ ವಾಸನೆ ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅನ್ನ ಇಲ್ಲದ ಬದುಕು ನಮ್ಮ ಕಡೆ ನಡೆಯುವುದಿಲ್ಲ. ಬದಲಿಗೆ ಬಡಿಸುವ ಕ್ರಮ ಬದಲಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಹೀಗಿದೆ: ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅಕ್ಕಿ, ಗೋಧಿ, ರಾಗಿ ಎಲ್ಲಾ ಸೇರಿ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ. ನಮ್ಮ ತಟ್ಟೆಯಲ್ಲಿ ಇದು ಉಲ್ಟಾ ಇರುತ್ತದೆ. ಅನ್ನ ಗುಡ್ಡದಷ್ಟು, ಪಲ್ಯ ಉಪ್ಪಿನಕಾಯಿಯಷ್ಟು.

ಹಾಗಾಗಿ ಮೊದಲು ಪಲ್ಯ ಬಡಿಸಿಕೊಳ್ಳಿ, ಅರ್ಧ ತಟ್ಟೆ. ಮಳೆಗಾಲದಲ್ಲಿ ನಮಗೆ ಸೊಪ್ಪಿಗೇನು ಬರಗಾಲವಾ? ಬಸಳೆ, ಹರಿವೆ, ತಗಟೆ ಸೊಪ್ಪು, ಕೆಸು, ಘಟ್ಟದ ಮೇಲೆ ಕಳಲೆ, ಅಟ್ಟದಲ್ಲಿ ಕಟ್ಟಿಟ್ಟ ಮೊಗೆಕಾಯಿ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ ಅಲ್ಲಿಗೇ ನಿಲ್ಲಿಸಿ, ಮತ್ತೆ ಎಣ್ಣೆಯಲ್ಲಿ ಹುರಿಯಬೇಡಿ. ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆಗಿಂತ ಒಳ್ಳೆಯದು ಏನಿದೆ? 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಸಿಗುತ್ತದೆ, ಹೊಟ್ಟೆ ತುಂಬಿದ್ದು ತುಂಬಾ ಹೊತ್ತು ಇರುತ್ತದೆ. ರವಾ ಫ್ರೈ ವಾರಕ್ಕೊಮ್ಮೆ ಇರಲಿ, ಉಳಿದ ದಿನ ಸಾರು. ಮೀನು ಸಿಗದ ಎರಡು ತಿಂಗಳು ಮೊಟ್ಟೆ, ಹೆಸರುಕಾಳು, ಅಲಸಂದೆ. ಒಣಮೀನು ರುಚಿಗೆ ಸ್ವಲ್ಪ ಸಾಕು, ಅದರಲ್ಲಿ ಉಪ್ಪು ಬಹಳ. ಸಸ್ಯಾಹಾರಿಗಳಿಗೆ ತಂಬುಳಿ ಇದೆ. ಒಂದೆಲಗದ ತಂಬುಳಿ ಒಂದು ಲೋಟ ಮೊದಲೇ ಕುಡಿದು ಆಮೇಲೆ ಊಟಕ್ಕೆ ಕೂತರೆ ಅನ್ನ ತಾನಾಗಿ ಒಂದು ಸೌಟು ಕಡಿಮೆಯಾಗುತ್ತದೆ, ನನಗೆ ಶಿರಸಿಯಲ್ಲಿ ಪಕ್ಕದ ಮನೆಯ ಅಜ್ಜಿ ಕಲಿಸಿದ್ದು ಇದು.

ತೆಂಗಿನಕಾಯಿ ಬಗ್ಗೆ ಕೋಪ ಮಾಡಿಕೊಳ್ಳಬೇಡಿ. ಕಾಯಿ ಕೆಟ್ಟದ್ದಲ್ಲ. ಆದರೆ 100 ಗ್ರಾಂ ಹಸಿ ತುರಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ, ನಾವು ಸಾರಿಗೂ ಹಾಕಿ, ಪಲ್ಯಕ್ಕೂ ಉದುರಿಸಿ, ಚಟ್ನಿಗೂ ರುಬ್ಬುತ್ತೇವೆ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ದಿನಕ್ಕೆ ಒಂದು ಕಾಯಿ ಇದ್ದದ್ದು ಈಗ ಅರ್ಧ ಆಗಿದೆ. ಮೊದಲ ವಾರ ಮನೆಯವರು ಮುಖ ಮಾಡಿದರು, ಆಮೇಲೆ ಯಾರೂ ಕೇಳಲಿಲ್ಲ.

ಚಹಾ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಹತ್ತಿರ ಹತ್ತಿರ 40 ಗ್ರಾಂ ಆಯಿತು. ಇಡೀ ದಿನಕ್ಕೆ 25 ಗ್ರಾಂ ದಾಟಬಾರದು ಅಂತ ಸಲಹೆ. ಬೆಲ್ಲ ಹಾಕುತ್ತೇನೆ ಅಂತ ಸಮಾಧಾನ ಪಡಬೇಡಿ, ಕ್ಯಾಲೊರಿ ಹೆಚ್ಚು ಕಡಿಮೆ ಅಷ್ಟೇ. ವಾರಕ್ಕೆ ಅರ್ಧ ಚಮಚದ ಹಾಗೆ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಸಂಜೆ ಮಳೆ ಹೊಯ್ಯುವಾಗ ಕುರುಕಲು ಬೇಕೇ ಬೇಕು, ನನಗೆ ಅರ್ಥವಾಗುತ್ತದೆ. ಹಪ್ಪಳವನ್ನು ಕೆಂಡದ ಮೇಲೆ ಸುಡಿ, ಗ್ಯಾಸಿನ ಮೇಲಾದರೂ ಆಗುತ್ತದೆ. ಹಲಸಿನ ಬೇಳೆ ಬೇಯಿಸಿ ತಿನ್ನಿ. ಪ್ಯಾಕೆಟ್ ತಿಂಡಿ ಮಾತ್ರ ಮನೆಗೆ ತರಲೇಬೇಡಿ. 2019ರಲ್ಲಿ ಅಮೆರಿಕದಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿದರು. ಕಾರ್ಖಾನೆಯ ಸಿದ್ಧ ತಿನಿಸು ಕೊಟ್ಟ ಎರಡು ವಾರ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತಿನ್ನಿ ಅಂತ ಯಾರೂ ಒತ್ತಾಯ ಮಾಡಿರಲಿಲ್ಲ.

ನಿದ್ದೆ ಕೆಟ್ಟರೂ ಹಸಿವು ಹೆಚ್ಚುತ್ತದೆ. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿಡಿ, ಅಷ್ಟೇ ಹೇಳುತ್ತೇನೆ.

ತೂಕ ನೋಡುವುದು ವಾರಕ್ಕೊಮ್ಮೆ. ನಾನು ಭಾನುವಾರ ಬೆಳಗ್ಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ, 13 ಕೆಜಿಗೂ ಜಾಸ್ತಿ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರದ್ದು. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೆ ಒಮ್ಮೆಯಾದರೂ ತೂಕ ನೋಡುವವರು. 2 ಕೆಜಿ ಏರಿದ್ದು ಕಂಡರೆ ನಾನು ಆ ವಾರವೇ ಸಂಜೆಯ ತಿಂಡಿ ನಿಲ್ಲಿಸುತ್ತೇನೆ. 6 ಕೆಜಿ ಆಗುವವರೆಗೆ ಕಾಯುವುದಿಲ್ಲ. ಟೇಪ್ ಹಿಡಿದು ಸೊಂಟವನ್ನೂ ಅಳೆಯಿರಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಥೈರಾಯ್ಡ್ ಇರುವವರು ಡಾಕ್ಟರ್ ಹತ್ತಿರ ಮಾತಾಡದೆ ಊಟ ಕಡಿಮೆ ಮಾಡಬೇಡಿ. ಏನೂ ಬದಲಿಸದೆ ತೂಕ ತಾನಾಗಿ ಏರಿದರೆ ಅಥವಾ ಇಳಿದರೆ ಮೊದಲು ಪರೀಕ್ಷೆ ಮಾಡಿಸಿ.

ಎರಡನೇ ಸಲ ನಾನು ಇಳಿಸಿದ್ದು 7 ಕೆಜಿ. ಮೊದಲಿನ 9 ಅಲ್ಲ, ಅದಕ್ಕೆ ಹಿಡಿದದ್ದು ಹನ್ನೊಂದು ತಿಂಗಳು. ಆಮೇಲೆ ಮೂರು ಮಳೆಗಾಲ ಕಳೆದಿದೆ, ಮೂರು ಚೌತಿಯ ಪಂಚಕಜ್ಜಾಯವನ್ನೂ ಕರ್ಜಿಕಾಯಿಯನ್ನೂ ತಿಂದಿದ್ದೇನೆ. 7ರಲ್ಲಿ 6 ಕೆಜಿ ಇನ್ನೂ ವಾಪಸ್ ಬಂದಿಲ್ಲ.

[ದೃಶ್ಯ: ಜಗಲಿ, ಹೊರಗೆ ಮಳೆ]

ಇವತ್ತೂ ಮಳೆ. ಮಧ್ಯಾಹ್ನ ಬಸಳೆ ಸಾರು, ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ ಉಂಡು ಕ್ಯಾಮರಾ ಮುಂದೆ ಕೂತಿದ್ದೆ, ಹತ್ತು ನಿಮಿಷದ ನಡಿಗೆ ಬಾಕಿ ಇದೆ. ನೀವು ಮಳೆಗಾಲದಲ್ಲಿ ಏನು ಮಾಡುತ್ತೀರಿ ಅಂತ ಬರೆದು ತಿಳಿಸಿ, ನಾನು ನಡೆದು ಬಂದು ಓದುತ್ತೇನೆ.