ಮೊದಲು ಕೊಕ್ಕೆಯ ತುದಿ

ಎಲ್ಲರಿಗೂ ನಮಸ್ಕಾರ.

ಫೆಬ್ರವರಿ ಮುಗಿಯುತ್ತಾ ಬಂತು. ಇಲ್ಲಿ ಟೆಕ್ಸಾಸಿನ ಕೆರೆಗಳಲ್ಲಿ ನೀರು 12–13 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಬ್ಯಾಸ್ ಎಂಬ ಸಿಹಿನೀರ ಮೀನಿನ ದೊಡ್ಡ ಹೆಣ್ಣುಗಳು ಆಳ ಬಿಟ್ಟು ದಡದ ಕಡೆ ಸರಿಯತೊಡಗುತ್ತವೆ. ಸರಿಯಾಗಿ ಇದೇ ಹೊತ್ತಿಗೆ ನಮ್ಮ ಕನ್ನಡದ ಮನೆಗಳಲ್ಲೂ ಗಾಳದ ಬಗ್ಗೆ ಒಂದು ಪ್ರಶ್ನೆ ಏಳುತ್ತದೆ: "ಈ ಸಲ ಯಾವ ರಾಡ್ ತಗೊಳ್ಳೋಣ?" ಈ ಪ್ರಶ್ನೆಯನ್ನು ಇನ್ನೆರಡು ತಿಂಗಳು ಮುಂದಕ್ಕೆ ಹಾಕಿ ಎಂದು ಕೇಳಿಕೊಳ್ಳುವುದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಮೀನಿಗೂ ನಿಮಗೂ ನಡುವೆ ಐದು ಸಂಗತಿಗಳಿವೆ. ಮೀನಿನ ಕಡೆಯಿಂದ ಎಣಿಸಿದರೆ ಕೊಕ್ಕೆ, ಗಂಟು, ಲೈನ್ ಎಂಬ ದಾರ, ಅದನ್ನು ಸುತ್ತುವ ರೀಲ್, ಕೈಯಲ್ಲಿ ಹಿಡಿಯುವ ಕೋಲು ರಾಡ್. ಮೀನು ತಪ್ಪಿಹೋಗುವುದು ಹೆಚ್ಚಾಗಿ ಮೊದಲ ಮೂರರಲ್ಲಿ. ನಮ್ಮ ದುಡ್ಡು ಹೋಗುವುದು ಕೊನೆಯ ಎರಡಕ್ಕೆ. ಆದ್ದರಿಂದ ಮೊದಲು ಕೊಕ್ಕೆಯ ತುದಿ ನೋಡಿ. ಈ ಮಾತನ್ನು ಇವತ್ತು ಹಲವು ಸಲ ಕೇಳುತ್ತೀರಿ, ತಾಳ್ಮೆ ಇರಲಿ.

ನಮ್ಮ ರಾಜ್ಯದ ದಾಖಲೆಯ ಬ್ಯಾಸ್ ನಿಮಗೆಲ್ಲ ಗೊತ್ತು. ಲೇಕ್ ಫೋರ್ಕ್, ಜನವರಿ 1992, 18.18 ಪೌಂಡ್. ಅದನ್ನು ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಅಂದು ಬ್ಯಾಸ್‌ಗೆಂದು ಹೋದವರೇ ಅಲ್ಲ. ಕ್ರಾಪಿ ಎಂಬ ಚಿಕ್ಕ ಜಾತಿಯ ಮೀನು ಹಿಡಿಯಲು ಜೀವಂತ ಪುಟ್ಟ ಮೀನನ್ನು ಕೊಕ್ಕೆಗೆ ಹಾಕಿ ಬಿಟ್ಟಿದ್ದರು. ಎಂಟು ಕಿಲೋ ದಾಟಿದ ಮೀನು ಕಚ್ಚಿದಾಗ ಕೊಕ್ಕೆ ಬಾಗಲಿಲ್ಲ, ಗಂಟು ಜಾರಲಿಲ್ಲ, ಲೈನ್ ಹರಿಯಲಿಲ್ಲ. ದಾಖಲೆ ನಿಂತಿರುವುದು ಆ ಮೂರರ ಮೇಲೆ.

ಇದಕ್ಕಿಂತ ಹಳೆಯ ಸಂಗತಿ ಜಾರ್ಜಿಯಾದ್ದು. 1932ರ ಜೂನ್ 2, ಮಾಂಟ್ಗೊಮೆರಿ ಲೇಕ್. ಆರ್ಥಿಕ ಕುಸಿತದ ಕಾಲ. ಜಾರ್ಜ್ ಪೆರ್ರಿ ಎಂಬ ಇಪ್ಪತ್ತರ ಹರೆಯದ ರೈತ ಮತ್ತು ಅವನ ಗೆಳೆಯ, ಇಬ್ಬರಿಗೂ ಸೇರಿ ಇದ್ದದ್ದು ಒಂದೇ ರಾಡ್, ಒಂದೇ ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಆಮಿಷ. ಬಿದ್ದ ಮೀನು 22 ಪೌಂಡ್ 4 ಔನ್ಸ್. ವಿಶ್ವದಾಖಲೆ. ಮೀನು ಮನೆಯವರ ಊಟವಾಯಿತು. ಆಮೇಲೆ ಒಂದು ಪತ್ರಿಕೆಯ ಸ್ಪರ್ಧೆಗೆ ಕಳಿಸಿದ ಆ ತೂಕಕ್ಕೆ ಸುಮಾರು 75 ಡಾಲರ್ ಬೆಲೆಯ ಸಾಮಾನು ಬಹುಮಾನವಾಗಿ ಬಂತು. ಸಾಮಾನು ಬಂದದ್ದು ಮೀನಿನಿಂದ, ಮೀನು ಬಂದದ್ದು ಸಾಮಾನಿನಿಂದಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಇದಕ್ಕಿಂತ ಒಂದು ಔನ್ಸ್‌ನಷ್ಟೇ ಹೆಚ್ಚು ತೂಗಿತು. ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿರುವುದರಿಂದ ಇವತ್ತಿಗೂ ಇಬ್ಬರೂ ಸಮಸಮ.

ಈಗ ವಿಷಯಕ್ಕೆ ಬರೋಣ. ಒಳ್ಳೆಯ ಸಾಮಾನು ಅಂಗಡಿಯ ಶೆಲ್ಫಿನಿಂದಲೇ ಬರಬೇಕಿಲ್ಲ. ಬ್ಯಾಸ್ ಗಾಳದ ಚರಿತ್ರೆ ನೋಡಿದರೆ ಹಲವು ದೊಡ್ಡ ಸುಧಾರಣೆಗಳು ಬೇರೆ ಕಸುಬಿನ ಮೇಜಿನಿಂದ ಎದ್ದು ಬಂದಿವೆ. ಸುಮಾರು 1820ರ ಹೊತ್ತಿಗೆ ಕೆಂಟಕಿಯ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಕರ್ಮಿ ಹಲ್ಲುಚಕ್ರ ಕೂರಿಸಿದ ರೀಲ್ ಮಾಡಿದರು. ಹಿಡಿಕೆ ಒಂದು ಸುತ್ತು ತಿರುಗಿದರೆ ಲೈನ್ ಸುತ್ತಿದ ಉರುಳೆ, ಅಂದರೆ ಸ್ಪೂಲ್, ಹಲವು ಸುತ್ತು. ಎಸೆಯುವಾಗ ಸ್ಪೂಲ್ ತಾನೇ ತಿರುಗುವ ಇವತ್ತಿನ ಬೇಟ್‌ಕಾಸ್ಟರ್ ರೀಲ್ ಇಳಿದು ಬಂದದ್ದು ಅಲ್ಲಿಂದ.

ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು, ಮತ್ತೊಬ್ಬ ಗಡಿಯಾರದವರು ಬಂದರು. ಇವರು ನಮ್ಮ ಟೆಕ್ಸಾಸಿನವರೇ, ರೋಟನ್ ಊರಿನ ಆರ್. ಡಿ. ಹಲ್. ಎಸೆಯುವಾಗ ಸ್ಪೂಲ್ ಲೈನಿಗಿಂತ ವೇಗವಾಗಿ ತಿರುಗಿ ಹಕ್ಕಿಗೂಡಿನಂತೆ ಸಿಕ್ಕಾಗುತ್ತದಲ್ಲ, ಆ ಕಾಟ ಅವರ ತಲೆ ತಿನ್ನುತ್ತಿತ್ತು. ಒಮ್ಮೆ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವವನು ದಾರ ಎಳೆಯುವುದನ್ನು ನೋಡಿದರು. ದಾರದ ಉಂಡೆ ಅಲುಗುತ್ತಿಲ್ಲ. ದಾರ ಅದರ ತುದಿಯ ಮೇಲಿಂದ ಸುರುಳಿಯಾಗಿ ಜಾರಿ ಬರುತ್ತಿದೆ. ಸ್ಪೂಲೇ ತಿರುಗದಿದ್ದರೆ ಸಿಕ್ಕಾಗುವುದಾದರೂ ಹೇಗೆ? ಈ ವಿಚಾರ ಹಿಡಿದು ಅವರು ಹೋದದ್ದು ಓಕ್ಲಹೋಮದ ಟಲ್ಸಾದಲ್ಲಿದ್ದ ಜೀರೋ ಅವರ್ ಬಾಂಬ್ ಕಂಪನಿಗೆ. ಹೆಸರು ಕೇಳಿ ಗಾಬರಿಯಾಗಬೇಡಿ. ಎಣ್ಣೆ ಬಾವಿಯೊಳಗೆ ಸಿಡಿಸುವ, ಗಡಿಯಾರ ಕೂರಿಸಿದ ಬಾಂಬು ತಯಾರಿಸುತ್ತಿದ್ದವರು ಅವರು. ಪೇಟೆಂಟಿನ ಅವಧಿ ಮುಗಿಯುತ್ತಾ ಬಂದಿತ್ತು, ಬೇರೆ ಸರಕು ಬೇಕಿತ್ತು. 1949ರಲ್ಲಿ ಮೊದಲ ರೀಲ್ ಹೊರಬಂತು. ಆಮೇಲೆ ಕಂಪನಿಯ ಹೆಸರನ್ನೇ ಮೊಟಕು ಮಾಡಿ ಜೆಬ್ಕೊ ಎಂದಿಟ್ಟರು. ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಅರ್ಧಕ್ಕರ್ಧ ಜನರ ಕೈಯಲ್ಲಿರುವುದು ಅದೇ ಗುಂಡಿ ಒತ್ತುವ ರೀಲ್.

ಮೀನು ಹಿಡಿಯುವಾಗ ದೋಣಿಯನ್ನು ನಿಧಾನವಾಗಿ ನಡೆಸುವ ವಿದ್ಯುತ್ ಟ್ರೋಲಿಂಗ್ ಮೋಟಾರೂ ಹಾಗೆಯೇ. 1934ರಲ್ಲಿ ಉತ್ತರ ಡಕೋಟಾದ ಫಾರ್ಗೊದಲ್ಲಿ ಓ. ಜಿ. ಷ್ಮಿಟ್ ಎಂಬವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟಾರಿಗೆ ಪ್ರೊಪೆಲ್ಲರ್ ಜೋಡಿಸಿದರು. ಮಿನ್ ಕೋಟಾ ಎಂಬ ಮೋಟಾರ್ ಕಂಪನಿ ಹುಟ್ಟಿದ್ದು ಹಾಗೆ. ಫಿನ್ಲೆಂಡಿನ ಲೌರಿ ರಾಪಾಲ 1936ರಲ್ಲಿ ಕಾರ್ಕ್ ಕೆತ್ತಿ ಲ್ಯೂರ್ ಮಾಡಿ, ಮೇಲೆ ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೆರುಗು ಬಳಿದರು. ಇವರೆಲ್ಲ ಕೊಂಡು ತಂದು ಮೇಲೇರಿದವರಲ್ಲ. ಎಲ್ಲಿ ಕೆಡುತ್ತಿದೆ ಎಂದು ನೋಡಿ, ಕೈಗೆಟುಕಿದ್ದರಿಂದ ಸರಿಮಾಡಿದವರು.

ನಿಮ್ಮ ಪೆಟ್ಟಿಗೆಗೆ ಬರೋಣ. ಮೊದಲು ಕೊಕ್ಕೆಯ ತುದಿ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಇಟ್ಟು ಎಳೆಯಿರಿ. ಕಚ್ಚಿ ನಿಂತರೆ ಸರಿ, ಜಾರಿದರೆ ಮೊಂಡು. ದಪ್ಪ ತಂತಿಯ ಒಂಟಿ ಕೊಕ್ಕೆಯನ್ನು ಸಣ್ಣ ಅರದಿಂದ, ಬಾಗಿನ ಕಡೆಯಿಂದ ಮೊನೆಯ ಕಡೆಗೆ, ಒಂದೊಂದು ಬದಿಗೆ ಎರಡು ಮೂರು ಸಲ ಉಜ್ಜಿದರೆ ಸಾಕು. ಹೆಚ್ಚು ಉಜ್ಜಿದರೆ ಮೊನೆ ತೆಳುವಾಗಿ ಮಡಚಿಕೊಳ್ಳುತ್ತದೆ, ಲೇಪ ಹೋಗಿ ತುಕ್ಕೂ ಹಿಡಿಯುತ್ತದೆ. ಮೂರು ಮೊನೆಯ ಟ್ರೆಬಲ್ ಮೊಂಡಾದರೆ ಬದಲಾಯಿಸುವುದೇ ಲೇಸು. ಕೊಕ್ಕೆಯನ್ನು ಲ್ಯೂರಿಗೆ ಸಿಗಿಸುವ ಉಂಗುರ ಬಿಡಿಸಲು ಸ್ಪ್ಲಿಟ್ ರಿಂಗ್ ಇಕ್ಕಳ ಒಂದು ಇಟ್ಟುಕೊಳ್ಳಿ, ಉಗುರಿನಿಂದ ಬಿಡಿಸಲು ಹೋಗಿ ಬೆರಳು ಸಿಗಿಸಿಕೊಳ್ಳಬೇಡಿ.

ಇಲ್ಲೊಂದು ಎಚ್ಚರಿಕೆ. ನೀರಿನ ನಡುವೆ ಅಲುಗದೆ ನಿಲ್ಲುವ, ಜರ್ಕ್‌ಬೇಟ್ ಎಂಬ ಮೀನಿನಾಕಾರದ ಲ್ಯೂರಿಗೆ ದಪ್ಪ ಟ್ರೆಬಲ್ ಹಾಕಿದರೆ ಅದು ಮುಳುಗತೊಡಗುತ್ತದೆ, ತೆಳುವಾದದ್ದು ಹಾಕಿದರೆ ತೇಲುತ್ತದೆ. ಬಕೆಟ್ಟಿನಲ್ಲಿ ಪರೀಕ್ಷಿಸಿ, ಆದರೆ ನಲ್ಲಿಯ ಬೆಚ್ಚಗಿನ ನೀರಿನಲ್ಲಿ ಬೇಡ. ತಣ್ಣೀರು ಹೆಚ್ಚು ಸಾಂದ್ರ. ಬೆಚ್ಚನೆ ನೀರಿನಲ್ಲಿ ನಿಂತ ಲ್ಯೂರ್ ಫೆಬ್ರವರಿಯ ಕೆರೆಯಲ್ಲಿ ನಿಧಾನವಾಗಿ ಮೇಲೇರುತ್ತದೆ. ಐಸ್ ಹಾಕಿ ಕೆರೆಯ ತಾಪಕ್ಕೆ ತನ್ನಿ, ನೀವು ಬಳಸುವ ಸ್ನ್ಯಾಪ್ ಕೊಂಡಿಯನ್ನೂ ಲೈನನ್ನೂ ಕಟ್ಟಿ ನೋಡಿ. ತೇಲಿದರೆ ಹೊಟ್ಟೆಯ ಕೆಳಗೆ, ಮುಂದಿನ ಕೊಕ್ಕೆಯ ಹತ್ತಿರ, ಅಂಟುವ ಲೋಹದ ಪಟ್ಟಿಯ ತುಂಡು.

ಇನ್ನು ಲೈನ್. ಇದು ಬಿಟ್ಟಿ ಸುಧಾರಣೆ. ನೀವು ಎಸೆಯುವುದು ಹೆಚ್ಚೆಂದರೆ ಮೂವತ್ತೈದು ನಲವತ್ತು ಗಜ. ಸ್ಪೂಲಿನ ತಳದಲ್ಲಿರುವ ಲೈನ್ ಬೆಳಕನ್ನೇ ಕಂಡಿರುವುದಿಲ್ಲ. ಮೇಲಿನದು ಸವೆದಾಗ ಎಲ್ಲವನ್ನೂ ಕಿತ್ತು ಎಸೆಯುತ್ತೇವೆ. ಅದರ ಬದಲು, ಹೆಣೆದ ಲೈನಾದ ಬ್ರೇಡನ್ನು ಇನ್ನೊಂದು ಖಾಲಿ ರೀಲಿಗೆ ಸುತ್ತಿ. ಸವೆದ ಭಾಗ ತಳಕ್ಕೆ ಹೋಯಿತು, ಹೊಸದು ಮೇಲೆ ಬಂತು. ಅದೇ ರೀಲಿಗೆ ವಾಪಸ್ ಸುತ್ತಿದರೆ ಮತ್ತೆ ಮೊದಲಿನ ಹಾಗೇ ಆಗುತ್ತದೆ, ಆದ್ದರಿಂದ ನಡುವೆ ಎರಡು ಖಾಲಿ ಸ್ಪೂಲ್ ಬೇಕು: ರೀಲಿನಿಂದ ಒಂದಕ್ಕೆ, ಅದರಿಂದ ಇನ್ನೊಂದಕ್ಕೆ, ಅಲ್ಲಿಂದ ರೀಲಿಗೆ. ಬೆಲೆಬಾಳುವ ಫ್ಲೋರೋಕಾರ್ಬನ್ ಲೈನ್ ಆದರೆ ತಳಕ್ಕೆ ಅಗ್ಗದ ಮೊನೊ, ಅಂದರೆ ಒಂಟಿ ಎಳೆಯ ನೈಲಾನ್, ತುಂಬಿ, ಮೇಲೆ ಅರವತ್ತು ಗಜ ಮಾತ್ರ ಡಬಲ್ ಯೂನಿ ಗಂಟಿನಿಂದ ಸೇರಿಸಿ. ಒಂದು ಡಬ್ಬಿಯಲ್ಲಿ ಎರಡು ಮೂರು ರೀಲ್ ಆಗುತ್ತದೆ.

ಬ್ರೇಡನ್ನು ನುಣುಪಾದ ಸ್ಪೂಲಿಗೆ ನೇರವಾಗಿ ಕಟ್ಟಬೇಡಿ. ಇಡೀ ಸುತ್ತು ಸ್ಪೂಲಿನ ಮೇಲೆ ಜಾರುತ್ತದೆ. ಮೀನು ಎಳೆದಾಗ ಲೈನನ್ನು ತಡೆತಡೆದು ಬಿಡುವ ಡ್ರ್ಯಾಗ್ ಕೆಟ್ಟಿದೆ ಎಂದುಕೊಂಡು ಹೊಸ ರೀಲ್ ಕೊಂಡವರಿದ್ದಾರೆ. ಕೆಳಗೆ ನಾಲ್ಕೈದು ಮೀಟರ್ ಮೊನೊ, ಇಲ್ಲವೇ ಒಂದು ಸುತ್ತು ಇನ್ಸುಲೇಷನ್ ಟೇಪ್. ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ತುಂಬಿ ನಿಲ್ಲಿಸಿ. ಗಂಟು ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಿ. ಒಣಗಂಟು ಬಿಗಿಯುವಾಗ ಉಜ್ಜಿದ ಬಿಸಿಗೆ ಫ್ಲೋರೋಕಾರ್ಬನ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಬಿಟ್ಟಿ ಲ್ಯೂರ್‌ಗಳ ವಿಚಾರ. ಟೆನ್ನೆಸೀ ಕಣಿವೆಯ ಹಲವು ಜಲಾಶಯಗಳಲ್ಲಿ ಮಳೆನೀರಿಗೆ ಜಾಗ ಬಿಡಲು ಶರತ್ಕಾಲದಿಂದಲೇ ಮಟ್ಟ ಇಳಿಸುತ್ತಾರೆ. ನಮ್ಮ ಲೇಕ್ ಟ್ರಾವಿಸ್ ಬರ ಬಂದಾಗ ತಾನಾಗಿಯೇ ಇಳಿಯುತ್ತದೆ. ಆಗ ಬುಡಚಿಗಳ ಮೇಲೆ, ಬಂಡೆಯ ಸಂದಿಯಲ್ಲಿ, ದೋಣಿಕಟ್ಟೆಯ ಹಗ್ಗಗಳಲ್ಲಿ ಜನ ಕಳೆದುಕೊಂಡ, ಎಳೆದಾಗ ಮುಳುಗುವ ಕ್ರ್ಯಾಂಕ್‌ಬೇಟ್ ಲ್ಯೂರ್‌ಗಳು ನೇತಾಡುತ್ತವೆ. ಮೂತಿಯ ಚಪ್ಪಟೆ ಲಿಪ್ ಬಿರುಕು ಬಿಟ್ಟಿದೆಯೇ, ಒಳಗೆ ನೀರು ಹೊಕ್ಕಿದೆಯೇ ಎಂದು ಕಿವಿಯ ಬಳಿ ಅಲುಗಿಸಿ ನೋಡಿ. ಹಳೆಯ ರಿಂಗು, ಕೊಕ್ಕೆ ಎರಡನ್ನೂ ಕಿತ್ತು ಹೊಸದು ಹಾಕಿ. ಅಲ್ಲಿ ಸಿಕ್ಕ ಲೈನನ್ನೂ ಸುತ್ತಿಕೊಂಡು ಬನ್ನಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಇಳಿದ ಕೆರೆಯ ಕೆಸರು ಮೇಲೆ ಒಣಗಿದಂತೆ ಕಂಡು ಮೊಣಕಾಲುದ್ದ ನುಂಗುತ್ತದೆ, ಒಬ್ಬರೇ ಹೋಗಬೇಡಿ. ಈ ಲ್ಯೂರ್‌ಗಳಿಗಿಂತಲೂ ಬೆಲೆಯುಳ್ಳ ಮಾಹಿತಿ ಅಲ್ಲಿದೆ: ಜನ ಎಲ್ಲೆಲ್ಲಿ ಎಸೆಯುತ್ತಾರೆ, ಬುಡಚಿ ಎಲ್ಲಿದೆ, ಅದರ ಮಗ್ಗುಲಲ್ಲಿ ಗುಂಡಿ ಎಲ್ಲಿದೆ. ಫೋನಿನಲ್ಲಿ ಜಾಗ ಗುರುತು ಹಾಕಿಕೊಳ್ಳಿ.

ನಿಮ್ಮ ಲ್ಯೂರ್ ಸಿಕ್ಕಿಕೊಂಡರೆ? ಕಾರಿನ ಹಳೆಯ ಸ್ಪಾರ್ಕ್ ಪ್ಲಗ್ ತೆಗೆದಿಡಿ. ಅದಕ್ಕೊಂದು ಸ್ನ್ಯಾಪ್ ಕಟ್ಟಿ ಲೈನಿಗೆ ಸಿಗಿಸಿ ಬಿಡಿ. ದೋಣಿ ನೇರ ಮೇಲೆ ಇರಲಿ, ಲೈನ್ ಬಿಗಿಯಾಗಿರಲಿ. ಪ್ಲಗ್ ಜಾರಿ ಹೋಗಿ ಲ್ಯೂರಿನ ಮೂತಿಗೆ ಬಡಿದಾಗ ಕೊಕ್ಕೆ ಹಿಂದಕ್ಕೆ ಸರಿದು ಬಿಡಿಸಿಕೊಳ್ಳುತ್ತದೆ. ದಡದಿಂದ ಅಡ್ಡಲಾಗಿ ಬಿಟ್ಟರೆ ಕೆಲಸ ಮಾಡದು.

ಕಾನೂನಿನಿಂದ ಬಂದ ಸುಧಾರಣೆಯೂ ಇದೆ. ನ್ಯೂ ಹ್ಯಾಂಪ್‌ಶೈರ್, ಮೈನ್, ವರ್ಮಾಂಟ್‌ಗಳಲ್ಲಿ ಗಾಳಕ್ಕೆ ಭಾರವಾಗಿ ಕಟ್ಟುವ ಚಿಕ್ಕ ಸೀಸದ ಗುಂಡುಗಳಿಗೆ ನಿಷೇಧವಿದೆ. ಲೂನ್ ಎಂಬ ನೀರುಹಕ್ಕಿ ಹರಳಿನ ಜೊತೆ ಅದನ್ನೂ ನುಂಗಿ ಸಾಯುತ್ತದೆ. ಹಾಗಾಗಿ ಅಲ್ಲಿಯವರು ಟಂಗ್ಸ್ಟನ್‌ಗೂ ಬಂದರು. ಬಂದ ಮೇಲೆ ಗೊತ್ತಾಯಿತು, ಸೀಸದ ಸಾಂದ್ರತೆ 11.3 ಆದರೆ ಟಂಗ್ಸ್ಟನ್‌ದು 19.3. ಅದೇ ತೂಕಕ್ಕೆ ಗುಂಡು ಬಹಳ ಚಿಕ್ಕದು, ಪಾಚಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಗಟ್ಟಿ ಲೋಹವಾದ್ದರಿಂದ ತಳದಲ್ಲಿ ಕಲ್ಲಿದೆಯೋ ಕೆಸರಿದೆಯೋ ಬೆರಳಿಗೆ ತಿಳಿಯುತ್ತದೆ. ಕೊಳ್ಳುವಾಗ ತೂತಿನ ಅಂಚು ನೋಡಿ. ಒರಟಾಗಿದ್ದರೆ ಗಂಟಿನ ಮೇಲೆಯೇ ಲೈನ್ ಕತ್ತರಿಸುತ್ತದೆ. ಮತ್ತೆ ಅದೇ ಮಾತು, ತುದಿಯಲ್ಲಿ ಕೆಡುವುದು ಹೀಗೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ರೀಲ್, ರಾಡ್ ಎರಡನ್ನೂ ಬೇಗ ಮುಗಿಸುತ್ತೇನೆ.

ಗ್ಯಾರೇಜ್ ಸೇಲಿನಲ್ಲಿ ಹಳೆಯ ಫೈಬರ್‌ಗ್ಲಾಸ್ ರಾಡ್ ಕಂಡರೆ ಬಿಡಬೇಡಿ. ಗ್ರ್ಯಾಫೈಟ್ ಬಲು ಚುರುಕು. ಕ್ರ್ಯಾಂಕ್‌ಬೇಟನ್ನು ಮೀನು ಬಾಯೊಳಗೆ ಎಳೆದುಕೊಳ್ಳುವ ಮೊದಲೇ ನೀವು ಕಿತ್ತುಬಿಡುತ್ತೀರಿ. ಗ್ಲಾಸ್ ತಡವಾಗಿ ಬಾಗುತ್ತದೆ, ಮೀನಿಗೆ ಸಮಯ ಕೊಡುತ್ತದೆ, ಸಣ್ಣ ಟ್ರೆಬಲ್ ಹರಿದುಕೊಳ್ಳದಂತೆ ಹಿಡಿದಿಡುತ್ತದೆ. ಲೈನ್ ಹಾಯುವ ಗೈಡ್ ಉಂಗುರಗಳೊಳಗೆ ಹತ್ತಿ ತಿರುಗಿಸಿ. ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ. ಈ ರಾಡಿಗೆ ಬ್ರೇಡ್ ಹಾಕದೆ ಹತ್ತು ಹನ್ನೆರಡು ಪೌಂಡಿನ ಮೊನೊ ಹಾಕಿ.

ಫ್ಯಾನಿಗೋ ಕಾರಿನ ಬಾಗಿಲಿಗೋ ಸಿಕ್ಕಿ ತುದಿ ಎರಡು ಮೂರು ಇಂಚು ಮುರಿದ ರಾಡ್ ಕಸವಲ್ಲ. ಮುರಿದಲ್ಲಿ ಟೇಪ್ ಸುತ್ತಿ ನಯವಾದ ಅರದಿಂದ ಸಮಮಾಡಿ, ಇಕ್ಕಳದಿಂದ ಹಿಂಡಬೇಡಿ. ದಪ್ಪ ಅಳೆದು ಸರಿಹೊಂದುವ ಟಿಪ್‌ಟಾಪ್, ಅಂದರೆ ತುದಿಯ ಉಂಗುರ, ತನ್ನಿ. ಬಿಸಿಗೆ ಕರಗುವ ಅಂಟನ್ನು ಟಿಪ್‌ಟಾಪಿನ ಕೊಳವೆಯೊಳಗೆ ಹಾಕಿ, ಲೋಹವನ್ನು ಮಾತ್ರ ಬಿಸಿಮಾಡಿ, ರಾಡಿಗೆ ಬೆಂಕಿ ತಾಗಿಸಬೇಡಿ. ತುದಿ ಗಡುಸಾದ ಆ ರಾಡ್ ತಲೆಯಲ್ಲಿ ಭಾರವಿರುವ ಜಿಗ್ ಲ್ಯೂರಿಗೂ ಕಪ್ಪೆಯಾಕಾರದ ಲ್ಯೂರಿಗೂ ಮೊದಲಿಗಿಂತ ಚೆನ್ನ.

ರೀಲು ಒರಟಾಗಿ ತಿರುಗುತ್ತಿದ್ದರೆ ಸ್ಪೂಲ್ ಬೇರಿಂಗ್ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಒಣಗಿಸಿ, ತೆಳು ಎಣ್ಣೆ ಒಂದೇ ಹನಿ. ಗ್ರೀಸ್ ಹಾಕಿದರೆ ಎಸೆತ ಸಾಯುತ್ತದೆ. ಬದಲಾಯಿಸುವುದಾದರೆ ಬಹಳಷ್ಟು ಬೇಟ್‌ಕಾಸ್ಟರ್‌ಗಳಲ್ಲಿ ಅಳತೆ 3x10x4 ಮಿಲಿಮೀಟರ್, ನಿಮ್ಮದನ್ನು ಅಳೆದೇ ತನ್ನಿ. ಹಿಮ್ಮುಖ ತಿರುಗದಂತೆ ತಡೆಯುವ ರೋಲರ್ ಬೇರಿಂಗಿಗೆ ಎಣ್ಣೆ ಸುರಿಯಬೇಡಿ, ಕೊಕ್ಕೆ ನಾಟಿಸುವ ಹೊತ್ತಿಗೆ ಹಿಡಿಕೆ ಜಾರುತ್ತದೆ.

ಟ್ರೋಲಿಂಗ್ ಮೋಟಾರಿನ ಬ್ಯಾಟರಿಯ ಬಗ್ಗೆ ಒಂದೇ ಮಾತು. ಲಿಥಿಯಂಗೆ ಹೋಗುವವರು ಚಾರ್ಜರ್ ಅದಕ್ಕೆ ಒಗ್ಗುತ್ತದೆಯೇ ಎಂದು ಮೊದಲು ನೋಡಿ, ಹಳೆಯ ಲೆಡ್ ಆಸಿಡ್ ಚಾರ್ಜರನ್ನು ಹಾಗೇ ಸಿಗಿಸಬೇಡಿ.

ಹೊರಗಿನ ಮೇಜಿನ ಮೇಲೆ ಸ್ಪ್ರಿಂಗ್ ತಕ್ಕಡಿ ಇಟ್ಟಿದೆ. ನಿಮ್ಮ ರೀಲ್ ತನ್ನಿ, ಲೈನಿನ ತುದಿ ಅದಕ್ಕೆ ಕಟ್ಟಿ ಎಳೆಯೋಣ. ಲೈನಿನ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಬಿಡಬೇಕು. ಹದಿನೈದು ಪೌಂಡ್ ಲೈನಿಗೆ ನಾಲ್ಕರಿಂದ ಐದು ಪೌಂಡ್. ಎಳೆದಾಗ ಮುಳ್ಳು ಒಂದೇ ಕಡೆ ನಿಲ್ಲಬೇಕು. ಜಿಗಿಜಿಗಿದು ಓಡಿದರೆ ವಾಷರ್ ಕೊಳೆಯಾಗಿದೆ, ಅಲ್ಲೇ ಬಿಚ್ಚಿ ನೋಡೋಣ. ಮಕ್ಕಳ ಜೆಬ್ಕೊಗಳನ್ನೂ ತನ್ನಿ.